ಪಿಎಚ್‌ಡಿ ವಿದ್ಯಾರ್ಥಿನಿಯ ನೊಬೆಲ್ ಕೆಲಸ

ಪಿಎಚ್‌ಡಿಯಲ್ಲಿ ಮಾಡಿದ ಕೆಲಸಕ್ಕೆ
ನೊಬೆಲ್ ಸಿಗುತ್ತಾ?
ಸಿಕ್ಕಿದೆ!

ನಮ್ಮ ಜೀವಕೋಶ ಒಡೆದು ಎರಡಾದಾಗಲೆಲ್ಲ
ಕ್ರೋಮೋಸೋಮಿನ ತುದಿ ಸ್ವಲ್ಪ ಸವೆಯುತ್ತೆ.
ಆ ತುದಿಯೇ ಟೆಲೊಮಿಯರ್.
ಸೀರೆ ಸೆರಗಿನ ಕುಚ್ಚು ಇದ್ದ ಹಾಗೆ.
ಕುಚ್ಚು ಹೋದ್ರೆ ನೂಲು ಬಿಚ್ಚಿಕೊಳ್ಳುತ್ತಲ್ಲ?

ಹಾಗಾದ್ರೆ ಸವೆದ ತುದಿಯನ್ನ
ಮತ್ತೆ ಕಟ್ಟೋದು ಯಾರು?

1984. ಅಮೆರಿಕದ ಬರ್ಕ್ಲಿ.
ಕ್ಯಾರಲ್ ಗ್ರೈಡರ್, ವಯಸ್ಸು 23.
ಗೈಡ್, ಎಲಿಜಬೆತ್ ಬ್ಲ್ಯಾಕ್‌ಬರ್ನ್.
ಪ್ರಯೋಗ ನಡೆದಿದ್ದು
ಕೊಳದ ನೀರಲ್ಲಿರೋ ಏಕಕೋಶ ಜೀವಿ ಮೇಲೆ.

ಕ್ರಿಸ್‌ಮಸ್ ದಿನ ಲ್ಯಾಬ್‌ಗೆ ಹೋಗಿ
ಎಕ್ಸ್‌ರೇ ಫಿಲ್ಮ್ ನೋಡಿದ್ರೆ,
ಒಂದರ ಮೇಲೊಂದು ಕಪ್ಪು ಪಟ್ಟಿ!
ಅಂದ್ರೆ, ತುದಿ ಬೆಳೀತಿತ್ತು.
ಬೆಳೆಸ್ತಿದ್ದ ಕಿಣ್ವವೇ ಟೆಲೊಮರೇಸ್.

2009ರಲ್ಲಿ, ಗೈಡ್ ಜತೆಗೇ ನೊಬೆಲ್.

ಇವತ್ತು ಕ್ಯಾನ್ಸರ್ ಸಂಶೋಧಕರ ಕಣ್ಣೂ ಟೆಲೊಮರೇಸ್ ಮೇಲೇ.
ಯಾಕೆ ಗೊತ್ತಾ?
ಬಹುತೇಕ ಕ್ಯಾನ್ಸರ್ ಕೋಶಗಳು
ನಿಲ್ಲದೆ ಒಡೀತಾ ಹೋಗೋದು
ಇದೇ ಕಿಣ್ವದ ಬಲದಿಂದ!