ಹೆಬ್ಬೆಟ್ಟು ಮತ್ತೆ ಬಂತು



ಅಕ್ಷರ ಕಲಿತಾಗ ನಾವು ಮೊದಲು ಬಿಟ್ಟದ್ದು ಏನು? ಹೆಬ್ಬೆಟ್ಟು. ಇನ್ನು ಮೇಲೆ ಸಹಿ ಮಾಡುತ್ತೇವೆ ಅಂದೆವು. ಸಾಲದ ಪತ್ರ ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ನಾವೆಲ್ಲ ಕೇಳಿದ್ದೇವೆ.

ಈಗ ನೋಡಿ, ಹೆಬ್ಬೆಟ್ಟು ಮತ್ತೆ ಬಂದಿದೆ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕು. ಪಿಂಚಣಿ ಹಣ ತೆಗೆಯಲು ಬೆರಳು ಒತ್ತಬೇಕು. ಓದಿದವರೂ ಒತ್ತುತ್ತಾರೆ, ಓದದವರೂ ಒತ್ತುತ್ತಾರೆ. ಇದರಲ್ಲಿ ನಾಚಿಕೆ ಇಲ್ಲ. ಆದರೆ ಎಚ್ಚರ ಬೇಕು.

ಆಧಾರ್ ಎಂದರೇನು?

ಆಧಾರ್ ಅಂದರೆ 12 ಅಂಕಿಗಳ ಗುರುತಿನ ಸಂಖ್ಯೆ. ಮೊದಲ ಆಧಾರನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಟ್ಟರು. 2016ರಲ್ಲಿ ಇದಕ್ಕೆ ಕಾನೂನು ಬಂತು.

ದೊಡ್ಡವರಿಗೆ ಆಧಾರ್ ಮಾಡಿಸುವಾಗ ಹತ್ತು ಬೆರಳಿನ ಗುರುತು, ಎರಡು ಕಣ್ಣಿನ ಗುರುತು, ಮುಖದ ಫೋಟೋ ತೆಗೆದುಕೊಳ್ಳುತ್ತಾರೆ. ಅವು ಆಧಾರ್ ಪ್ರಾಧಿಕಾರದ ಕಂಪ್ಯೂಟರಿನಲ್ಲಿ ಇರುತ್ತವೆ. ನೀವು ಮೆಷಿನ್ ಮೇಲೆ ಬೆರಳು ಇಟ್ಟಾಗ ಆ ಗುರುತು ಅಲ್ಲಿಗೆ ಹೋಗುತ್ತದೆ. ಅಲ್ಲಿರುವ ಗುರುತಿಗೆ ಹೊಂದಿದರೆ "ಹೌದು" ಅಂತ ಉತ್ತರ ಬರುತ್ತದೆ. ಹೊಂದದಿದ್ದರೆ "ಅಲ್ಲ" ಅಂತ ಬರುತ್ತದೆ.

ಬೆರಳೇ ಕೀಲಿಕೈ

ಊರಿಗೆ ಬರುವ ಬ್ಯಾಂಕ್ ಮಿತ್ರರ ಹತ್ತಿರ ಸಣ್ಣ ಮೆಷಿನ್ ಇರುತ್ತದೆ. ಹಣ ತೆಗೆಯಲು ಅಲ್ಲಿ ಮೂರು ವಿಷಯ ಸಾಕು: ಬ್ಯಾಂಕಿನ ಹೆಸರು, ಆಧಾರ್ ನಂಬರ್, ನಿಮ್ಮ ಬೆರಳು. ಪಾಸ್‌ಬುಕ್ ಬೇಡ, ಸಹಿ ಬೇಡ. ದೂರದ ಬ್ಯಾಂಕಿಗೆ ಬಸ್ ಹತ್ತಿ ಹೋಗುವುದು ತಪ್ಪಿತು. ಇದು ಒಳ್ಳೆಯದೇ.

ಆದರೆ ಯೋಚಿಸಿ. ಮನೆಯ ಕೀಲಿಕೈ ಕಳೆದರೆ ಬೀಗ ಬದಲಾಯಿಸಬಹುದು. ಬೆರಳು ಬದಲಾಯಿಸಲು ಆಗುತ್ತದೆಯೇ?

ಮೋಸ ಹೇಗೆ ನಡೆಯುತ್ತದೆ?

ಒಂದು ದಾರಿ ಹೀಗೆ. "ಅಕ್ಕಾ, ಬೆರಳು ಹತ್ತಲಿಲ್ಲ, ಇನ್ನೊಂದ್ಸಲ ಒತ್ತು" ಅನ್ನುತ್ತಾರೆ. ಮೊದಲ ಸಲವೇ ಹಣ ಬಂದಿರುತ್ತದೆ. ಎರಡನೇ ಸಲದ ಹಣ ಅವರ ಜೇಬಿಗೆ. ಎಲ್ಲರೂ ಹೀಗೆ ಮಾಡುವುದಿಲ್ಲ. ಮಾಡುವವರೂ ಇದ್ದಾರೆ.

ಇನ್ನೊಂದು ದಾರಿ ಇದೆ. ಜಮೀನಿನ ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅದನ್ನು ನಕಲು ಮಾಡಿ ರಬ್ಬರಿನಂಥ ಬೆರಳು ತಯಾರಿಸುತ್ತಾರೆ. 2023ರಲ್ಲಿ ನಮ್ಮ ಕರ್ನಾಟಕದಲ್ಲೂ ಇಂಥ ದೂರುಗಳು ಬಂದವು. ಬ್ಯಾಂಕಿಗೆ ಹೋಗದೆ ಮನೆಯಲ್ಲಿ ಇದ್ದವರ ಖಾತೆಯಿಂದಲೂ ಹಣ ಹೋಗಿತ್ತು.

ಮೂರನೆಯದು ಫೋನಿನ ಮೋಸ. "ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ, ಓಟಿಪಿ ಹೇಳಿ" ಅನ್ನುತ್ತಾರೆ. ಓಟಿಪಿ ಅಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಟ್ಟಿನ ಅಂಕಿ. ಬ್ಯಾಂಕಿನವರಾಗಲಿ, ಆಧಾರ್ ಕಚೇರಿಯವರಾಗಲಿ ಫೋನ್ ಮಾಡಿ ಅದನ್ನು ಕೇಳುವುದಿಲ್ಲ. ಕೇಳಿದವರು ಕಳ್ಳರು ಅಂತ ತಿಳಿಯಿರಿ. ಫೋನ್ ಇಟ್ಟುಬಿಡಿ.

ನಾವು ಏನು ಮಾಡಬೇಕು?

• ಬೆರಳು ಇಡುವ ಮೊದಲು ಮೆಷಿನ್ನಿನಲ್ಲಿ ಎಷ್ಟು ಹಣ ಅಂತ ಬರೆದಿದೆ, ಓದಿ. 500 ಇದೆಯೋ 5000 ಇದೆಯೋ? ಒಂದು ಸೊನ್ನೆಗೆ ಎಷ್ಟು ಬೆಲೆ ಅಂತ ನಿಮಗೆ ಗೊತ್ತು.

• ಚೀಟಿ ಕೇಳಿ ತೆಗೆದುಕೊಳ್ಳಿ. ದಿನಾಂಕ, ತೆಗೆದ ಹಣ, ಉಳಿದ ಹಣ ನೋಡಿ. "ಇನ್ನೊಂದ್ಸಲ" ಅಂದರೆ "ಮೊದಲಿನ ಚೀಟಿ ಕೊಡ್ರಿ" ಅನ್ನಿ.

• ನಿಮ್ಮ ಆಧಾರಿಗೆ ಯಾರ ಮೊಬೈಲ್ ನಂಬರ್ ಸೇರಿದೆ? ನಿಮ್ಮದೇ ಇರಲಿ. ಓಟಿಪಿ ಆ ನಂಬರಿಗೇ ಬರುತ್ತದೆ. ನಂಬರ್ ಬದಲಾಯಿಸಲು ಆಧಾರ್ ಕೇಂದ್ರಕ್ಕೆ ಹೋಗಿ.

• ಬೆರಳಿಗೂ ಬೀಗ ಹಾಕಬಹುದು. ಆಧಾರಿನ ಆ್ಯಪ್‌ನಲ್ಲಿ ಬೆರಳಿನ ಗುರುತನ್ನು ಲಾಕ್ ಮಾಡುವ ಸೌಲಭ್ಯ ಇದೆ. ಆಮೇಲೆ ನಕಲಿ ಬೆರಳೂ ನಡೆಯುವುದಿಲ್ಲ, ನಿಮ್ಮ ಬೆರಳೂ ನಡೆಯುವುದಿಲ್ಲ. ರೇಷನ್ನಿಗೆ ಹೋಗುವಾಗ ಸ್ವಲ್ಪ ಹೊತ್ತು ಬೀಗ ತೆಗೆಯಬೇಕು. ಓದುವ ಮಗಳೋ ಸೊಸೆಯೋ ಇದ್ದರೆ ಕೂತು ಮಾಡಿಸಿಕೊಳ್ಳಿ.

• ಜೆರಾಕ್ಸ್ ಕೊಡಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ಅದನ್ನೇ ಕೊಡಿ.

ಬೆರಳು ಹತ್ತದಿದ್ದರೆ?

ಕಳೆ ಕಿತ್ತು, ಪಾತ್ರೆ ತಿಕ್ಕಿ, ಕಲ್ಲು ಹೊತ್ತು ಬೆರಳಿನ ಗೆರೆ ಸವೆದಿರುತ್ತದೆ. ಮೆಷಿನ್ "ಅಲ್ಲ" ಅನ್ನುತ್ತದೆ. ದುಡಿದದ್ದೇ ತಪ್ಪಾಯಿತೇ? ಇಲ್ಲ. ಬೆರಳು ಹೊಂದಲಿಲ್ಲ ಅಂತ ಯಾರ ಸವಲತ್ತನ್ನೂ ನಿಲ್ಲಿಸಬಾರದು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರಂದು ಸುತ್ತೋಲೆ ಹೊರಡಿಸಿತು. ಕಣ್ಣಿನ ಗುರುತು, ಓಟಿಪಿ ಎಂಬ ಬೇರೆ ದಾರಿಗಳಿವೆ. "ಬೆರಳು ಬರಲ್ಲ, ನಾಳೆ ಬಾ" ಅಂದರೆ ಸುಮ್ಮನೆ ಹಿಂದೆ ಬರಬೇಡಿ. ಬೇರೆ ದಾರಿ ಕೇಳಿ.

ನಮ್ಮ ಹಕ್ಕು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಖಾಸಗಿ ವಿಷಯ ನಮ್ಮ ಮೂಲಭೂತ ಹಕ್ಕು ಎಂದು ಕೋರ್ಟು 2017ರಲ್ಲಿ ಹೇಳಿತು. 2018ರ ಸೆಪ್ಟೆಂಬರ್ 26ರಂದು ಇನ್ನೊಂದು ತೀರ್ಪು ಬಂತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು. ಆದರೆ ಮಕ್ಕಳನ್ನು ಶಾಲೆಗೆ ಸೇರಿಸಲು ಅದು ಕಡ್ಡಾಯವಲ್ಲ ಎಂದಿತು. ಆದ್ದರಿಂದ ಯಾರಾದರೂ ಆಧಾರ್ ಕೇಳಿದರೆ "ಯಾಕೆ ಬೇಕು?" ಅಂತ ಕೇಳುವುದು ತಪ್ಪಲ್ಲ.

ಹಣ ಹೋದರೆ?

ಅಳುತ್ತಾ ಕೂರಬೇಡಿ. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಹೋಗಿ ಅರ್ಜಿ ಬರೆದು ಕೊಡಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬೇಗ ತಿಳಿಸಿದಷ್ಟೂ ಹಣ ಉಳಿಯುವ ಆಸೆ ಹೆಚ್ಚು. ಆಧಾರ್ ವಿಷಯ ಕೇಳಲು 1947ಕ್ಕೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಅಂದು ಓದು ಬಾರದೆ ಹೆಬ್ಬೆಟ್ಟು ಒತ್ತಿದೆವು. ಇಂದು ಓದಿ ಒತ್ತೋಣ.

ಮಾತಾಡಿಕೊಳ್ಳಿ:
1. ನಿಮ್ಮ ಆಧಾರಿಗೆ ಸೇರಿದ ಮೊಬೈಲ್ ನಂಬರ್ ಯಾರದು?
2. ಹೋದ ಸಲ ಹಣ ತೆಗೆದಾಗ ಚೀಟಿ ಕೊಟ್ಟರೇ?
3. 1930 ಮತ್ತು 1947, ಈ ಎರಡು ನಂಬರನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.