ಕಟ್ಟಿದ ಹಣಕ್ಕೂ ಚೆಕ್ಕು!

ಸಾಲಕ್ಕಾಗಿ ಕೊಟ್ಟ ಮುಂದಿನ ದಿನಾಂಕದ ಚೆಕ್ಕು ಆ ದಿನ ಬರುವವರೆಗೆ ಕಾನೂನಿನ ಪ್ರಕಾರ ಚೆಕ್ಕೇ ಅಲ್ಲ. ಅವಧಿಗೆ ಮುನ್ನ ಬ್ಯಾಂಕಿಗೆ ಹಾಕಿ ಅದು ಮರಳಿದರೆ ಚೆಕ್ ಬೌನ್ಸ್ ಮೊಕದ್ದಮೆ ನಿಲ್ಲದು.

ದೊಡ್ಡ ಕಿರುಕುಳ ಇನ್ನೊಂದಿದೆ. ಐವತ್ತು ಸಾವಿರದ ಚೆಕ್ಕು ಕೊಟ್ಟು, ಬಳಿಕ ಮೂವತ್ತು ಸಾವಿರ ನಗದಾಗಿ ಕಟ್ಟಿದ್ದೀರಿ ಎನ್ನಿ. ವಸೂಲಿಗಾರ ಪೂರ್ತಿ ಮೊತ್ತಕ್ಕೇ ಚೆಕ್ಕು ಹಾಕುತ್ತಾನೆ! ಕಟ್ಟಿದ್ದನ್ನು ಚೆಕ್ಕಿನಲ್ಲಿ ನಮೂದಿಸದೆ ಹೀಗೆ ಹಾಕಿದ ಚೆಕ್ಕು ಮರಳಿದರೆ ಅದು 138ನೇ ಕಲಮಿನ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ಉಳಿದ ಇಪ್ಪತ್ತು ಸಾವಿರದ ಸಾಲ ಮಾತ್ರ ಇದ್ದೇ ಇದೆ.

ಆದರೆ ಕಟ್ಟಿದ್ದಕ್ಕೆ ಪುರಾವೆ ಎಲ್ಲಿ? ಸಾಲವನ್ನು ಬರೆದಿಡಬೇಕೆಂಬ ಅಲ್ ಬಕರ ಅಧ್ಯಾಯದ 282ನೇ ಸೂಕ್ತ ನಮಗೆ ಹೊಸತೇ? ಪ್ರತಿ ಕಂತಿಗೂ ರಸೀದಿ ಪಡೆಯಿರಿ. ನೋಟೀಸು ಬಂದರೆ ಹೆದರಿ ಬಚ್ಚಿಡದೆ, 15 ದಿನದೊಳಗೆ ಲಿಖಿತ ಉತ್ತರ ಕೊಡಿಸಿ. ವಕೀಲರಿಗೆ ಹಣವಿಲ್ಲವಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವುಂಟು.