ಸರ್ಕಾರಿ ಲಾಟರಿಯ ನಿಯಮಗಳನ್ನು ಮಾಡುವವರು ಯಾರು?

ಗಡಿಯಾಚೆ ಹೋದವರು ಲಾಟರಿ ಟಿಕೆಟು ಕೊಂಡು ತರುವುದುಂಟು. “ನಿಮಗೆ ಲಾಟರಿ ಹೊಡೆದಿದೆ, ಮೊದಲು ಇಷ್ಟು ಹಣ ಕಟ್ಟಿ” ಎಂದು ಫೋನಿನಲ್ಲಿ ಹೇಳಿಸಿಕೊಂಡು ಹಣ ಕಳೆದುಕೊಂಡವರೂ ಉಂಟು. ಯಾವುದು ನಿಜ, ಯಾವುದು ಮೋಸ ಎಂದು ತಿಳಿಯಬೇಕಾದರೆ ಲಾಟರಿಯ ನಿಯಮಗಳು ಎಲ್ಲಿಂದ ಬರುತ್ತವೆಂಬುದನ್ನು ರೈತ ಬಾಂಧವರು ಅರಿತಿರುವುದು ಒಳ್ಳೆಯದು. ನೆರೆಯ ಕೇರಳ ರಾಜ್ಯವನ್ನೇ ಉದಾಹರಣೆಯಾಗಿ ನೋಡೋಣ. ಅಲ್ಲಿ ಲಾಟರಿ ಇಲಾಖೆ ಸ್ಥಾಪನೆಯಾದುದು 1967ರಲ್ಲಿ. ಮೊದಲ ಡ್ರಾ ನಡೆದುದು 1968ರ ಜನವರಿ 26ರಂದು. ಆಗ ಟಿಕೆಟಿನ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ.

ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹರಿಯುತ್ತದೆ. ಲಾಟರಿಯ ನಿಯಮಗಳೂ ಹೀಗೆಯೇ ಮೇಲಿನಿಂದ ಕೆಳಕ್ಕೆ ಬರುತ್ತವೆ.

1. ಸಂವಿಧಾನ: ಸರ್ಕಾರಗಳು ನಡೆಸುವ ಲಾಟರಿಯ ವಿಷಯವು ಕೇಂದ್ರ ಪಟ್ಟಿಯ 40ನೆಯ ಬಾಬಿನಲ್ಲಿದೆ. ಆದುದರಿಂದ ಮೂಲ ಕಾಯಿದೆ ಮಾಡುವ ಅಧಿಕಾರ ಸಂಸತ್ತಿನದು.

2. ಕಾಯಿದೆ: ಸಂಸತ್ತು 1998ರಲ್ಲಿ ಲಾಟರಿ ನಿಯಂತ್ರಣ ಕಾಯಿದೆಯನ್ನು ಮಾಡಿತು. ಟಿಕೆಟನ್ನು ರಾಜ್ಯ ಸರ್ಕಾರವೇ ತನ್ನ ಲಾಂಛನದೊಡನೆ ಮುದ್ರಿಸಬೇಕು; ಡ್ರಾವನ್ನು ತಾನೇ ತನ್ನ ರಾಜ್ಯದೊಳಗೆ ನಡೆಸಬೇಕು; ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡದು; ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಡ್ರಾ ಕೂಡದು; ಒಂಟಿ ಅಂಕಿಯ ಮೇಲೆ ಬಹುಮಾನ ಕೂಡದು.

3. ಕೇಂದ್ರದ ನಿಯಮಗಳು: ಇವು 2010ರಲ್ಲಿ ಬಂದವು. ಇಂಥ ನಿಯಮಗಳನ್ನು ಸಂಸತ್ತಿನ ಮುಂದಿಡಬೇಕು.

4. ರಾಜ್ಯದ ನಿಯಮಗಳು: ಕೇರಳವು 2005ರಲ್ಲಿ ಕಾಗದದ ಲಾಟರಿಯ ನಿಯಮಗಳನ್ನು ಮಾಡಿತು, ಅನಂತರ ಅವು ತಿದ್ದುಪಡಿಯಾಗಿವೆ. ಮೇಲಿನ ಕಾಯಿದೆ ಬೇಡವೆಂದುದನ್ನು ರಾಜ್ಯವು ಬೇಕೆನ್ನಲಾಗದು.

ತಿದ್ದುಪಡಿ ಹೇಗೆ?

ನಿಯಮವನ್ನು ಬದಲಿಸಬೇಕಾದರೆ ಬಾಯಿಮಾತಿನ ಆಜ್ಞೆ ಸಾಲದು. ತಿದ್ದುಪಡಿಯನ್ನು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸಿ, ಶಾಸನಸಭೆಯ ಮುಂದೆ ಇಡಬೇಕು. ಜನರ ಪ್ರತಿನಿಧಿಗಳು ಅದನ್ನು ಪ್ರಶ್ನಿಸಬಹುದು. ತೆರಿಗೆಯ ದರ ಮಾತ್ರ ಬೇರೆ ದಾರಿಯಿಂದ ಬರುತ್ತದೆ. ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ ಲಾಟರಿಯ ಮೇಲಿನ ತೆರಿಗೆಯು 2020ರ ಮಾರ್ಚಿನಿಂದ ಎಲ್ಲ ಲಾಟರಿಗಳಿಗೂ ಒಂದೇ ಸಮನಾಗಿ ನೂರಕ್ಕೆ 28 ಆಯಿತು. 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 40ಕ್ಕೆ ಏರಿತು.

ನಮ್ಮ ರಾಜ್ಯದಲ್ಲಿ

ಸರ್ಕಾರವೇ ನಡೆಸಿದರೂ ಲಾಟರಿಯು ಜೂಜೇ ಎಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು. ತನ್ನದೇ ಲಾಟರಿ ನಡೆಸುವ ರಾಜ್ಯವು ನೆರೆಯವರ ಲಾಟರಿಯನ್ನು ತಡೆಯಲಾಗದು. ಎಲ್ಲವನ್ನೂ ಬಿಟ್ಟ ರಾಜ್ಯ ತಡೆಯಬಹುದು ಎಂದೂ ಹೇಳಿತು. ಕರ್ನಾಟಕವು 2007ರಲ್ಲಿ ತನ್ನ ಲಾಟರಿಯನ್ನು ನಿಲ್ಲಿಸಿ, ಇತರ ರಾಜ್ಯಗಳ ಲಾಟರಿಯ ಮಾರಾಟವನ್ನೂ ನಿಷೇಧಿಸಿತು. ಕಾಯಿದೆಗೆ ವಿರುದ್ಧವಾದ ಲಾಟರಿಯ ಟಿಕೆಟನ್ನು ಮಾರಿದವರಿಗೂ ಕೊಂಡವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ದಂಡ ಅಥವಾ ಎರಡೂ ಆಗಬಹುದು.

ನೆನಪಿಡಬೇಕಾದ ಮಾತುಗಳು

ಕೇರಳದ ಸರ್ಕಾರಿ ಲಾಟರಿಯು ಕಾಗದದ ಟಿಕೆಟು ಮಾತ್ರ, ಫೋನಿನಲ್ಲಿ ಮಾರುವುದಿಲ್ಲ. ಗೆದ್ದ ಸಂಖ್ಯೆಯನ್ನು ಗೆಜೆಟ್‌ನೊಡನೆ ತಾಳೆ ನೋಡಿ, ಗೊತ್ತುಪಡಿಸಿದ ಅವಧಿಯೊಳಗೆ ಟಿಕೆಟನ್ನು ಒಪ್ಪಿಸಬೇಕು. ದೊಡ್ಡ ಬಹುಮಾನದ ಮೇಲಿನ ಆದಾಯ ತೆರಿಗೆಯನ್ನು ಬಹುಮಾನದಲ್ಲಿಯೇ ಹಿಡಿದುಕೊಳ್ಳುತ್ತಾರೆ. ಆದುದರಿಂದ ಬಹುಮಾನಕ್ಕೆ ಮುಂಗಡ ಹಣ ಕೇಳುವವನು ಮೋಸಗಾರನೇ ಸರಿ. ಕೊಳ್ಳದ ಟಿಕೆಟಿಗೆ ಬಹುಮಾನ ಬರುವುದಿಲ್ಲ. ಅಂಥ ಕರೆ ಬಂದರೆ ಹಣ ಕಳಿಸದೆ ಪೊಲೀಸ್ ಠಾಣೆಗೆ ತಿಳಿಸಿ. ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಬಿತ್ತನೆಗೆಂದು ಕೂಡಿಟ್ಟ ಹಣ ಬೀಜಕ್ಕೇ ಇರಲಿ. ಬಿತ್ತಿದ ಬೀಜಕ್ಕೆ ಫಲದ ಭರವಸೆಯುಂಟು, ಟಿಕೆಟಿಗೆ ಅದಿಲ್ಲ.